ನೀರು ಯಾಕೆ ನಾರುತ್ತದೆ ಎಂದು ಕೇಳಿದ ಹುಡುಗಿ

ಇವತ್ತು ಮಧ್ಯಾಹ್ನ ವಿದ್ಯಾರ್ಥಿಗಳ ಪ್ರವಾಸ ವರದಿ ಕೇಳಿ ಬಂದೆ. ಬಂದಾಗಿನಿಂದ ಮನಸ್ಸು ಸರಿಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ.

ಹತ್ತು ದಿನ ಐಸ್‌ಲ್ಯಾಂಡಿಗೆ ಹೋಗಿದ್ದರು. ವಿಷಯ ಸುಸ್ಥಿರ ಅಭಿವೃದ್ಧಿ, ನೈಸರ್ಗಿಕ ಸಂಪನ್ಮೂಲಗಳ ಬಳಕೆ. ಎಂಟು ಮಂದಿ ಮಾತಾಡಿದರು. ಏಳು ಮಂದಿಯ ಸ್ಲೈಡುಗಳಲ್ಲಿ ಒಂದೇ ಫೋಟೊ. ಹಿಂದೆ ನೆಲದೊಳಗಿನ ಬಿಸಿಯಿಂದ ವಿದ್ಯುತ್ ಮಾಡುವ ಹೆಲ್ಲಿಸ್‌ಹೇಡಿ ಭೂಶಾಖ ಸ್ಥಾವರದ ಬಿಳಿ ಹಬೆ, ಮುಂದೆ ನಗುತ್ತಾ ನಿಂತ ಗುಂಪು. ಮಾತೂ ಒಂದೇ: 303 ಮೆಗಾವಾಟ್ ವಿದ್ಯುತ್, ಊರಿಗೆಲ್ಲ ಬಿಸಿನೀರು, ಕಾರ್ಬನ್ ಡೈಆಕ್ಸೈಡನ್ನು ನೀರಲ್ಲಿ ಕರಗಿಸಿ ಬಸಾಲ್ಟ್ ಬಂಡೆಯೊಳಗೆ ಇಳಿಸಿ ಕಲ್ಲು ಮಾಡುತ್ತಾರೆ. ಎಲ್ಲ ನಿಜ, ದೊಡ್ಡ ಕೆಲಸವೇ. ಆದರೆ ಇದೆಲ್ಲ ಅಲ್ಲಿನ ಸಂದರ್ಶಕರ ಕೇಂದ್ರದಲ್ಲಿ ಹೇಳಿಕೊಡುವ ಪಾಠ. ಅದನ್ನು ಒಪ್ಪಿಸಲು ಅಷ್ಟು ದೂರ ಹೋಗಬೇಕಿತ್ತಾ?

ಎಂಟನೆಯವಳು ಒಂದು ಹುಡುಗಿ. ಅವಳ ಮೊದಲ ಸ್ಲೈಡಿನಲ್ಲಿ ಹಬೆ ಇರಲಿಲ್ಲ. ಹಾಸ್ಟೆಲಿನ ಸ್ನಾನದ ಮನೆಯ ನಲ್ಲಿ ಇತ್ತು. "ಬಿಸಿನೀರು ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ, ತಣ್ಣೀರಿಗೆ ವಾಸನೆಯೇ ಇಲ್ಲ. ಯಾಕೆ ಎಂದು ಕೇಳುತ್ತಾ ಹೋದೆ" ಎಂದು ಶುರು ಮಾಡಿದಳು. ನಾನು ಕುರ್ಚಿಯಲ್ಲಿ ನೆಟ್ಟಗಾದೆ.

ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಅದೇ ಅನಿಲ ಸ್ಥಾವರದ ಹಬೆಯ ಜೊತೆಗೂ ಬರುತ್ತದೆ. ಗಾಳಿಗೆ ಬಿಟ್ಟರೆ ಸುತ್ತಲಿನ ಜನರಿಗೆ ತೊಂದರೆ. ಹಾಗಾಗಿ 2014ರಿಂದ ಅದನ್ನೂ ನೆಲದೊಳಗೆ ಇಳಿಸತೊಡಗಿದರು. ಇನ್ನು ಸ್ಥಾವರದಲ್ಲಿ ಬಳಸಿದ ನೀರಿನ ಕಥೆ ಬೇರೆ. ಅದನ್ನು ವಾಪಸ್ ನೆಲಕ್ಕೆ ಒತ್ತಿದಾಗ, 2011ರಲ್ಲಿ, ಸಣ್ಣ ಸಣ್ಣ ಭೂಕಂಪಗಳಾದವು. ಹತ್ತಿರದ ಕ್ವೆರಗೇರ್ದಿ ಊರಿನವರಿಗೆ ನೆಲ ನಡುಗಿದ್ದು ಗೊತ್ತಾಯಿತು. ಒಂದು ನಲ್ಲಿಯಿಂದ ಹೊರಟು ಹುಡುಗಿ ಇಲ್ಲಿಯವರೆಗೆ ಬಂದಳು. ಸಂಪನ್ಮೂಲ ಬಳಸುವುದೆಂದರೆ ಏನು ಎಂದು ಆ ಕೋಣೆಯಲ್ಲಿ ಅವಳೊಬ್ಬಳಿಗೆ ಗೊತ್ತಾಗಿತ್ತು.

ಅವಳಿಗೆ ಎಷ್ಟು ಸಮಯ ಕೊಟ್ಟರು ಗೊತ್ತಾ? ಎಲ್ಲರಿಗಿಂತ ಕಡಿಮೆ. "ವಿಷಯದಿಂದ ಸ್ವಲ್ಪ ಆಚೆ ಹೋಯಿತು" ಎಂದು ನಿಲ್ಲಿಸಿದರು. ಮೈಯೆಲ್ಲ ಉರಿದುಹೋಯಿತು.

ಈ ಪ್ರವಾಸಗಳ ಬಗ್ಗೆ ನನ್ನ ಸಿಟ್ಟು ನಿಮಗೆ ಹೊಸದಲ್ಲ. ಮಕ್ಕಳಿಗೆ ಉತ್ತರ ತೋರಿಸುತ್ತೇವೆ. ಆ ಉತ್ತರಕ್ಕೆ ಯಾರು ಏನು ಕೊಟ್ಟರು ಎಂದು ತೋರಿಸುವುದಿಲ್ಲ. ಐಸ್‌ಲ್ಯಾಂಡಿಗೆ ಹೋದವರು ಹಬೆ ನೋಡಿ ಬರುತ್ತಾರೆ. ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಯುಮಿನಿಯಂ ಕಾರ್ಖಾನೆಗಳಿಗೆ ಹೋಗುತ್ತದೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಪೂರ್ವಭಾಗದ ಕಾರಾಹ್ನ್ಯೂಕರ್ ಅಣೆಕಟ್ಟಿನ ಹೆಸರು ಇವತ್ತು ಒಬ್ಬರ ಬಾಯಲ್ಲೂ ಬರಲಿಲ್ಲ. 690 ಮೆಗಾವಾಟ್, ಹೆಲ್ಲಿಸ್‌ಹೇಡಿಯ ಎರಡು ಪಟ್ಟಿಗಿಂತ ಹೆಚ್ಚು. ಕಟ್ಟಿದ್ದು ಒಂದೇ ಒಂದು ಅಲ್ಯುಮಿನಿಯಂ ಕಾರ್ಖಾನೆಗಾಗಿ. ಅದರ ಜಲಾಶಯಕ್ಕೆ ಸುಮಾರು 57 ಚದರ ಕಿಲೋಮೀಟರ್ ಎತ್ತರದ ನಾಡು ಮುಳುಗಿತು. ಹಿಮನದಿಯ ಕೆಸರು ನೀರನ್ನು ಬೇರೆ ಕಣಿವೆಗೆ ತಿರುಗಿಸಿದರು, ಅಲ್ಲಿನ ಲಾಗರ್‌ಫ್ಲ್ಯೋಟ್ ಸರೋವರ ಮೊದಲಿಗಿಂತ ಕದಡಿತು. ಸಾವಿರಾರು ಜನ ಬೀದಿಗಿಳಿದು ಬೇಡ ಎಂದಿದ್ದರು.

ಇದೂ ನವೀಕರಿಸಬಹುದಾದ ಇಂಧನವೇ. ಪುಸ್ತಕದಲ್ಲಿ ಹಸಿರು ಪಟ್ಟಿಯಲ್ಲೇ ಬರುತ್ತದೆ. ಹಾಗಾದರೆ ಅದು ಸುಸ್ಥಿರ ಹೌದಾ, ಅಲ್ಲವಾ? ಈ ಪ್ರಶ್ನೆಯ ಮುಂದೆ ಮಕ್ಕಳನ್ನು ಹತ್ತು ದಿನ ನಿಲ್ಲಿಸಿ. ಉತ್ತರ ಸಿಗದಿದ್ದರೂ ಪರವಾಗಿಲ್ಲ.

ನೆದರ್‌ಲ್ಯಾಂಡ್ಸ್‌ಗೆ ಹೋದವರದೂ ಇದೇ ಕಥೆ. ಗಾಳಿಯಂತ್ರ, ಸಮುದ್ರ ತಡೆಯುವ ಗೋಡೆ, ಸೈಕಲ್ ದಾರಿ. ಉತ್ತರದ ಗ್ರೋನಿಂಗೆನ್ ಕಡೆ ಬಸ್ಸು ತಿರುಗುವುದೇ ಇಲ್ಲ. 1959ರಲ್ಲಿ ಅಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ದಶಕಗಟ್ಟಲೆ ದೇಶದ ಮನೆಗಳನ್ನು ಬೆಚ್ಚಗಿಟ್ಟಿತು, ಸರ್ಕಾರದ ಖಜಾನೆ ತುಂಬಿತು. ಅನಿಲ ತೆಗೆದ ಕಡೆ ನೆಲ ಕುಸಿದು ಭೂಕಂಪಗಳು ಶುರುವಾದವು. 2012ರದ್ದು 3.6 ತೀವ್ರತೆಯದು. ಸಾವಿರಾರು ಮನೆಗಳ ಗೋಡೆ ಬಿರುಕು ಬಿಟ್ಟವು. ಬಾವಿಗಳನ್ನು ಕಾಯಂ ಮುಚ್ಚುವ ಕಾನೂನು ಬಂದದ್ದು 2024ರಲ್ಲಿ. ಬಿರುಕು ಬಿಟ್ಟ ಗೋಡೆಯ ಮನೆಯವರ ಜೊತೆ ಒಂದು ಮಧ್ಯಾಹ್ನ ಕೂತರೆ ಮಕ್ಕಳಿಗೆ ಸಿಗುವುದು ಯಾವ ಗಾಳಿಯಂತ್ರದ ಕೆಳಗೂ ಸಿಗುವುದಿಲ್ಲ.

"ನೋಡಿ ಬಂದರೆ ಕಣ್ಣು ತೆರೆಯುತ್ತದಲ್ಲ, ಸುಮ್ನೆ ಯಾಕೆ ತಪ್ಪು ಹುಡುಕುತ್ತೀಯಾ" ಎಂದು ಪಕ್ಕದಲ್ಲಿ ಕೂತಿದ್ದ ಗೆಳತಿ ಹೇಳಿದಳು. ಹದಿನೆಂಟರ ವಯಸ್ಸಿನಲ್ಲಿ ಬೇರೆ ದೇಶ ನೋಡುವುದೇ ದೊಡ್ಡದು, ಒಪ್ಪುತ್ತೇನೆ. ಆದರೆ ಅದಕ್ಕೆ ಅಧ್ಯಯನ ಪ್ರವಾಸ ಎಂದು ಯಾಕೆ ಹೆಸರಿಡಬೇಕು? ವಿಮಾನದ ಹೊಗೆ ಗಾಳಿಗೆ ಸೇರಿದ್ದಂತೂ ಸೇರಿತು. ಅಷ್ಟು ಖರ್ಚು ಮಾಡಿ ಹೋಗಿ, ಕಂಪನಿ ತೋರಿಸಿದ್ದನ್ನಷ್ಟೇ ನೋಡಿ ಬಂದರೆ ಕಣ್ಣು ತೆರೆಯುವುದಿಲ್ಲ. ಮೆಚ್ಚುವುದು ಅಭ್ಯಾಸವಾಗುತ್ತದೆ, ಅಷ್ಟೇ. ದುಡ್ಡಿಲ್ಲದೆ ಹೋಗಲಾಗದ ಮಕ್ಕಳು ಸಭೆಯಲ್ಲಿ ಕೂತಿದ್ದರು. ಅವರಿಗೆ ಕೇಳಿಸಿದ್ದೂ ಬರೀ ಹೊಗಳಿಕೆ.

ಒಂದು ಮಾತು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಾನು ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋದದ್ದು ಇದೇ ಸ್ಥಾವರಕ್ಕೆ. ಅಲ್ಲಿ ಒಬ್ಬ ಹುಡುಗ ಕೇಳಿದ, "ಇಷ್ಟು ಕಡಿಮೆ ಜನ ಇರುವ ದೇಶದಲ್ಲಿ ಇಷ್ಟೊಂದು ಕರೆಂಟು ಯಾರಿಗೆ ಬೇಕು?" ಬಸ್ಸಿಗೆ ಹೊತ್ತಾಗಿತ್ತು. "ಆಮೇಲೆ ಹೇಳ್ತೀನಿ, ನಡಿ" ಎಂದೆ. ಆಮೇಲೆ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ. ಅಂಥ ಪ್ರಶ್ನೆ ಒಂದು ಸಲ ಬಾಯಿ ಮುಚ್ಚಿದರೆ ಮತ್ತೆ ಬರುವುದಿಲ್ಲ. ಇವತ್ತು ಆ ಹುಡುಗಿಯನ್ನು ಕೂರಿಸಿದಾಗ ನನಗೆ ಅವನ ಮುಖವೇ ಕಣ್ಣ ಮುಂದೆ ಬಂತು.

ಸಭೆ ಮುಗಿದ ಮೇಲೆ ಅವಳನ್ನು ಹುಡುಕಿಕೊಂಡು ಹೋದೆ. ಕಾರಾಹ್ನ್ಯೂಕರ್ ಬಗ್ಗೆ ಹೇಳಿದೆ. 2001ರಲ್ಲಿ ಐಸ್‌ಲ್ಯಾಂಡಿನ ಯೋಜನಾ ಸಂಸ್ಥೆಯೇ ಪರಿಸರಕ್ಕೆ ಹಾನಿ ಜಾಸ್ತಿ ಎಂದು ಆ ಅಣೆಕಟ್ಟನ್ನು ತಿರಸ್ಕರಿಸಿತ್ತು. ಅದೇ ವರ್ಷದ ಕೊನೆಗೆ ಪರಿಸರ ಮಂತ್ರಿ ಆ ತೀರ್ಮಾನ ತಳ್ಳಿಹಾಕಿ, ಷರತ್ತು ಹಾಕಿ ಒಪ್ಪಿಗೆ ಕೊಟ್ಟರು. ಎರಡೂ ತೀರ್ಮಾನ ಓದು, ಎರಡು ಕಡೆಯವರೂ ಯಾವ ಕಾರಣ ಕೊಟ್ಟಿದ್ದಾರೆ ನೋಡು ಎಂದೆ.

ಅವಳು ನೋಟ್‌ಬುಕ್ ತೆಗೆದಳು. ನಿಂತಲ್ಲೇ ಹೆಸರು ಬರೆದುಕೊಂಡು, ಸರಿಯಾಗಿದೆಯಾ ಎಂದು ತೋರಿಸಿದಳು. ಆಮೇಲೆ ಕೇಳಿದಳು: "ಪರಿಸರ ಮಂತ್ರಿಯೇ ಯಾಕೆ ಒಪ್ಪಿದರು?"

ಈ ಸಲ ನನಗೆ ಹೋಗುವ ಅವಸರ ಇರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆವು.