22 ಹೆಸರು, ಎರಡು ಸ್ವರಮಂಡಲ

ಸಂಗೀತದಲ್ಲಿ ಎಂ.ಎ. ಮಾಡುತ್ತಿದ್ದೇನೆ ಎಂದರೆ ನೆಂಟರು "ಹಾಗಾದರೆ ಒಂದು ದೇವರನಾಮ ಹೇಳಮ್ಮ" ಎನ್ನುತ್ತಿದ್ದರು. ಸಂಗೀತಶಾಸ್ತ್ರ ನನ್ನ ವಿಶೇಷ ವಿಷಯ ಎಂದೊಡನೆ ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು. ಹಾಡಲು ಬಾರದವರು ಶಾಸ್ತ್ರ ಹಿಡಿಯುತ್ತಾರೆ ಎಂಬ ನಂಬಿಕೆ ನೆಂಟರಿಷ್ಟರಲ್ಲಿ ಮಾತ್ರವಲ್ಲ, ಸಂಗೀತ ವಿಭಾಗಗಳ ಒಳಗೂ ಬೇರುಬಿಟ್ಟಿದೆ. ಇದರ ಹೊಣೆಯನ್ನು ಹಾಡುಗಾರರ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಕಿವಿಯಿಂದ ಕಲಿಯಬೇಕಾದದ್ದನ್ನು ಕಂಠಪಾಠದ ಪತ್ರಿಕೆಯನ್ನಾಗಿ ಮಾಡಿದವರು ಶಾಸ್ತ್ರ ಕಲಿಸುವ ನಾವೇ.

ನಾನು ಓದಿದ ವಿಭಾಗದಲ್ಲಿ ಶ್ರುತಿಯ, ಅಂದರೆ ಸ್ವರಗಳ ನಡುವಿನ ಸೂಕ್ಷ್ಮ ಅಂತರಗಳ, ಪಾಠವೆಂದರೆ ಪಟ್ಟಿ ಬರೆಸುವುದಾಗಿತ್ತು. ತೀವ್ರಾ, ಕುಮುದ್ವತೀ, ಮಂದಾ, ಛಂದೋವತೀ ಎಂದು ಆರಂಭವಾಗಿ ಉಗ್ರಾ, ಕ್ಷೋಭಿಣೀಯವರೆಗೆ, ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಬರುವ 22 ಹೆಸರುಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಪೂರ್ತಿ ಅಂಕ ಪಡೆದೆ. ಆ 22ರಲ್ಲಿ ಒಂದನ್ನಾದರೂ ಕಿವಿಯಿಂದ ಗುರುತಿಸುತ್ತೀಯಾ ಎಂದು ಯಾರೂ ಕೇಳಲಿಲ್ಲ; ಕೇಳಿದ್ದರೆ ತಲೆ ತಗ್ಗಿಸಬೇಕಾಗುತ್ತಿತ್ತು.

ಎರಡನೆಯ ವರ್ಷದ ದಸರಾ ರಜೆಯಲ್ಲಿ, ಹಾಸ್ಟೆಲ್ ಅರ್ಧ ಖಾಲಿಯಾಗಿದ್ದಾಗ, ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದ ಗೆಳತಿಯೊಬ್ಬಳೊಡನೆ ಭರತನ ಸಾರಣೆಯನ್ನು, ಅಂದರೆ ತಂತಿಗಳನ್ನು ಹಂತಹಂತವಾಗಿ ಇಳಿಸಿ ಶ್ರುತಿ ಎಣಿಸುವ ಪ್ರಯೋಗವನ್ನು, ಮಾಡಿ ನೋಡಲು ಕುಳಿತೆ. ನಾಟ್ಯಶಾಸ್ತ್ರದಲ್ಲಿ ಭರತ ಹೇಳುವ ವೀಣೆಗೆ ಇಂದಿನ ವೀಣೆಯಂತೆ ಮೆಟ್ಟಿಲುಗಳಿಲ್ಲ, ಸ್ವರಕ್ಕೊಂದು ತಂತಿ. ಆದ್ದರಿಂದ ಹಾಗೆಯೇ ಬಿಡಿ ತಂತಿಗಳಿರುವ ಸ್ವರಮಂಡಲವೆಂಬ ವಾದ್ಯಗಳನ್ನು ಎರಡು ಹೊಂದಿಸಿ, ಒಂದನ್ನು ಧ್ರುವವೀಣೆ, ಇನ್ನೊಂದನ್ನು ಚಲವೀಣೆ ಎಂದು ಕರೆದುಕೊಂಡೆವು. ಎರಡನ್ನೂ ಭರತ ಹೇಳುವ ಸ್ವರಶ್ರೇಣಿಗಳಲ್ಲೊಂದಾದ ಷಡ್ಜಗ್ರಾಮಕ್ಕೆ ಕೂಡಿಸಿದೆವು. ಆಮೇಲೆ ಚಲವೀಣೆಯ ಪಂಚಮವನ್ನು ರಿಷಭಕ್ಕೆ ಸಂವಾದಿಯಾಗುವವರೆಗೆ, ಅಂದರೆ ಅದರೊಡನೆ ಹೊಂದಿ ನುಡಿಯುವವರೆಗೆ, ಇಳಿಸಿ, ಉಳಿದ ಆರು ತಂತಿಗಳನ್ನೂ ಅಷ್ಟೇ ಇಳಿಸಿದೆವು. ಇದು ಮೊದಲನೆಯ ಸಾರಣೆ. ಎರಡನೆಯದರಲ್ಲಿ ಚಲವೀಣೆಯ ಗಾಂಧಾರ, ನಿಷಾದಗಳು ಧ್ರುವವೀಣೆಯ ರಿಷಭ, ಧೈವತಗಳಲ್ಲಿ ಹೋಗಿ ಸೇರುತ್ತವೆ. ಮೂರನೆಯದರಲ್ಲಿ ರಿಷಭ, ಧೈವತಗಳು ಷಡ್ಜ, ಪಂಚಮಗಳಲ್ಲಿ. ನಾಲ್ಕನೆಯದರಲ್ಲಿ ಷಡ್ಜ, ಮಧ್ಯಮ, ಪಂಚಮಗಳು ನಿಷಾದ, ಗಾಂಧಾರ, ಮಧ್ಯಮಗಳಲ್ಲಿ. ಒಂದೊಂದು ಸಾರಣೆಗೆ ಒಂದೊಂದು ಶ್ರುತಿ ಇಳಿದಂತೆ; ಹೀಗೆ ಎರಡು ಶ್ರುತಿಯ ಸ್ವರಗಳು ಎರಡು, ಮೂರರವು ಎರಡು, ನಾಲ್ಕರವು ಮೂರು, ಕೂಡಿಸಿದರೆ 22. ಪಟ್ಟಿಯಲ್ಲಿದ್ದ ಸಂಖ್ಯೆ ನಮ್ಮ ಕೈಯಾರೆ ಹುಟ್ಟಿ ಬಂದಾಗ, ರಾತ್ರಿ ಮೆಸ್ ಮುಚ್ಚಿದ್ದೂ ಗಮನಕ್ಕೆ ಬಂದಿರಲಿಲ್ಲ.

ಆದರೆ ನಿಜವಾದ ಪಾಠ ಬೇರೆಡೆ ಇತ್ತು. ಮೊದಲನೆಯ ಸಾರಣೆಯಲ್ಲಿ ಕೀಲಿಯನ್ನು ಎಳ್ಳಷ್ಟು ತಿರುಗಿಸಿದರೆ ಸಾಕಾಗಿತ್ತು. ಎರಡನೆಯದರಲ್ಲಿ ಅದರ ನಾಲ್ಕರಷ್ಟಕ್ಕಿಂತಲೂ ಹೆಚ್ಚು ಇಳಿಸಬೇಕಾಯಿತು. ಗೆಳತಿ ನಾನೇ ತಪ್ಪು ಮಾಡಿದ್ದೇನೆಂದು ಜಗಳಕ್ಕೇ ನಿಂತಳು. ಸ್ಥಾಯಿಯನ್ನು 1200 ಭಾಗ ಮಾಡಿ ಅಳೆಯುವ ಸೆಂಟ್ ಎಂಬ ಮಾನವನ್ನು 1885ರಲ್ಲಿ ಅಲೆಕ್ಸಾಂಡರ್ ಎಲಿಸ್ ಪ್ರಕಟಿಸಿದ. ಆ ಲೆಕ್ಕದಲ್ಲಿ, ಸ್ವರಗಳನ್ನು ಸಂವಾದದಿಂದಲೇ ಕೂಡಿಸಿದಾಗ ನಾಲ್ಕು ಸಾರಣೆಗಳ ಇಳಿತ ಹತ್ತಿರ ಹತ್ತಿರ 22, 90, 70, 22 ಸೆಂಟ್ ಆಗುತ್ತದೆ. ಅಂದರೆ ಶ್ರುತಿಗಳು ಒಂದೇ ಅಳತೆಯವಲ್ಲ. ಅಲ್ಲ, ಭರತ ಸಮಾನವೆಂದೇ ಎಣಿಸಿದ್ದ ಎನ್ನುವ ವಿದ್ವಾಂಸರೂ ಇದ್ದಾರೆ. ಈ ವಾದಕ್ಕೆ ಕಾಲಿಡುವವರೆಗೂ ನಾನು ಸಂಗೀತಶಾಸ್ತ್ರ ಓದಿದ್ದೇನೆಂದು ಹೇಳಿಕೊಳ್ಳುವಂತಿರಲಿಲ್ಲ.

ರಾಗಗಳಿಗೆ ಆಧಾರವಾದ ಸ್ವರಶ್ರೇಣಿಗಳು, ಅಂದರೆ 72 ಮೇಳಗಳ ಕಥೆಯೂ ಹೀಗೆಯೇ. 17ನೆಯ ಶತಮಾನದ ತಂಜಾವೂರಿನಲ್ಲಿ ಚತುರ್ದಂಡೀಪ್ರಕಾಶಿಕೆ ಬರೆದ ವೇಂಕಟಮಖಿ 72 ಮೇಳಗಳನ್ನು ಗಣಿತದಿಂದ ತೋರಿಸಿದನಾದರೂ, ತನ್ನ ಕಾಲದಲ್ಲಿ ರೂಢಿಯಲ್ಲಿದ್ದವೆಂದು ವಿವರಿಸಿದ್ದು 19ನ್ನು ಮಾತ್ರ. ವಿಜಯನಗರದಲ್ಲಿ 1550ರಲ್ಲಿ ಸ್ವರಮೇಳಕಲಾನಿಧಿ ರಚಿಸಿದ ರಾಮಾಮಾತ್ಯನನ್ನು ಆತ ಕಟುವಾಗಿ ಖಂಡಿಸುತ್ತಾನೆ. ಲಕ್ಷ್ಯ (ಹಾಡುವ ರೂಢಿ) ಮುಂದೋ ಲಕ್ಷಣ (ಶಾಸ್ತ್ರದ ನಿಯಮ) ಮುಂದೋ ಎಂಬ ಈ ಜಗಳವನ್ನು ಬಿಟ್ಟು, ಕನಕಾಂಗಿಯಿಂದ ರಸಿಕಪ್ರಿಯದವರೆಗೆ ಮೇಳಗಳ ಹೆಸರು ಉರುಹೊಡೆಸುವುದಷ್ಟೇ ಪಾಠವಾದರೆ, ಹಾಡುಗಾರ್ತಿಯಾದ ವಿದ್ಯಾರ್ಥಿನಿ ಆಕಳಿಸುವುದರಲ್ಲಿ ತಪ್ಪೇನಿದೆ?

ಗುರುವಿನ ಮನೆಯಲ್ಲಿ ಸಿಗದ ಒಂದು ಅನುಕೂಲ ವಿಶ್ವವಿದ್ಯಾಲಯಕ್ಕಿದೆ: ಸಂಸ್ಕೃತ ಬಲ್ಲವರು, ಹಸ್ತಪ್ರತಿ ಓದುವವರು, ಭೌತಶಾಸ್ತ್ರಜ್ಞರು ಒಂದೇ ಆವರಣದಲ್ಲಿರುತ್ತಾರೆ. ಮೃದಂಗದ ಕರಣೆ, ಅಂದರೆ ಬಲಮುಖದ ಕಪ್ಪು ಲೇಪ, ಆ ವಾದ್ಯದ ನಾದಕ್ಕೆ ಸಂವಾದದ ಗುಣ ಕೊಡುವುದು ಹೇಗೆಂದು ವಿವರಿಸಿದವರು ಸಿ.ವಿ. ರಾಮನ್. ಹಳೆಯ ಸಂಗೀತಶಾಸ್ತ್ರಕಾರ ಪುಂಡರೀಕವಿಠಲನ ಗ್ರಂಥಗಳನ್ನು ಸಂಪಾದಿಸಿದ ಮೈಸೂರಿನ ಡಾ. ರಾ. ಸತ್ಯನಾರಾಯಣ ಅವರು ಮೂಲತಃ ರಸಾಯನಶಾಸ್ತ್ರ ಓದಿದವರು. ಹೀಗಿದ್ದೂ ನಮ್ಮ ವಿಭಾಗದಿಂದ ಭೌತಶಾಸ್ತ್ರ ವಿಭಾಗಕ್ಕೆ ಇದ್ದ ಐದು ನಿಮಿಷದ ದಾರಿಯನ್ನು ಎರಡು ವರ್ಷಗಳಲ್ಲಿ ನಾನು ಒಮ್ಮೆಯೂ ನಡೆಯಲಿಲ್ಲ. ನಡೆಯಿರಿ ಎಂದವರೂ ಇರಲಿಲ್ಲ.

ಉದ್ಯೋಗದ ಪ್ರಶ್ನೆ ಬೇರೆಯೇ ಇದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಅಧ್ಯಾಪಕರ ಅರ್ಹತಾ ಪರೀಕ್ಷೆಯೂ ಹೊಂದಿಸಿ ಬರೆಯುವ ಮಾದರಿಯದಾದ್ದರಿಂದ ಕಂಠಪಾಠಕ್ಕೇ ಬೆಲೆ ಎಂಬ ವಾದವನ್ನು ನಾನೂ ಬಲ್ಲೆ.

ಈಗ ನಾನೇ ಪಾಠ ಹೇಳುತ್ತೇನೆ. ಈ ಸಲ ಮೊದಲ ವಾರ ಹೆಸರುಗಳ ಪಟ್ಟಿ ಕೊಡದೆ, ಜಮಖಾನೆಯ ಮೇಲೆ ಎರಡು ಸ್ವರಮಂಡಲ ಇಟ್ಟೆ. ಐವರಲ್ಲಿ ಮೂವರು ಎರಡನೆಯ ಸಾರಣೆಯಲ್ಲಿ ಸಿಕ್ಕಿಕೊಂಡು, ತಪ್ಪು ಯಾರ ಕಿವಿಯದೆಂದು ವಾದಿಸುತ್ತ ಕುಳಿತಿದ್ದಾರೆ. ಸೋಮವಾರ ಮುಂದುವರಿಸಬೇಕು.