ನಿತ್ಯಾ ಮೆನನ್ ಪ್ರಶಸ್ತಿ: ಒಂದು ಸ್ಪಷ್ಟನೆ

ಉಡುಪಿಯ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ನಮ್ಮ ರಿಷಬ್ ಶೆಟ್ಟರಿಗೆ ರಾಷ್ಟ್ರಪ್ರಶಸ್ತಿ ಬಂದ ಸಲವೇ ನಿತ್ಯಾ ಮೆನನ್ ಒಬ್ಬರೇ ಶ್ರೇಷ್ಠ ನಟಿ ಆದರು, ಹಾಗಾಗಿ ನಿತ್ಯಾಗೆ ಆ ಪ್ರಶಸ್ತಿ ತಂದುಕೊಟ್ಟ ತಮಿಳು ಸಿನಿಮಾ 'ತಿರುಚಿತ್ರಂಬಲಂ' ಕಥೆಯೂ ಸೂಪರ್ ಅಂತ. ಶೆಟ್ಟರ ವಿಷಯ ಸರಿ. ಉಳಿದದ್ದು ತಪ್ಪು. ಅದು 2022ರ ಸಿನಿಮಾಗಳಿಗೆ 2024ರ ಆಗಸ್ಟ್‌ನಲ್ಲಿ ಘೋಷಣೆಯಾದ 70ನೇ ಪ್ರಶಸ್ತಿ, ನಿತ್ಯಾ ಅದನ್ನು ಗುಜರಾತಿ ಸಿನಿಮಾ 'ಕಚ್ ಎಕ್ಸ್‌ಪ್ರೆಸ್'ನ ಮಾನಸಿ ಪಾರೇಖ್ ಜೊತೆ ಹಂಚಿಕೊಂಡರು. ಮತ್ತೆ ಅದು ನಟನೆಗೆ ಬಂದದ್ದು, ಚಿತ್ರಕಥೆಗೆ ಬೇರೆಯೇ ಪ್ರಶಸ್ತಿ ಇದೆ ಅಲ್ವಾ?

ಕಥೆ ನನಗಂತೂ ಸಪ್ಪೆ ಅನಿಸಿತು. ನಾಯಕನ ಗೆಳತಿ ಶೋಭನಾ (ನಿತ್ಯಾ ಮಾಡಿದ ಪಾತ್ರ) ಮನಸ್ಸಲ್ಲಿ ಏನಿದೆ ಅಂತ ನಮಗೆ ಬೇಗ ಗೊತ್ತಾಗುತ್ತದೆ, ನಾಯಕನಿಗೆ ಮಾತ್ರ ಹೊಳೆಯುವುದೇ ಇಲ್ಲ. ಆದರೆ ಗೆಳೆಯ ಬೇರೆ ಹುಡುಗಿಯ ಬಗ್ಗೆ ಹೇಳುವಾಗ ನಿತ್ಯಾ ಕೇಳಿಸಿಕೊಳ್ಳುವ ರೀತಿ ಇದೆಯಲ್ಲ, ಅದಕ್ಕೋಸ್ಕರವೇ ನಾನು ಎರಡು ಸಲ ನೋಡಿದ್ದು.