ನಮ್ಮ ಲಾಯದ ಕಾಯಿಲೆ ಪಕ್ಕದ ಲಾಯದವರಿಗೂ ಗೊತ್ತಾಗಲಿ

ಕುದುರೆ ಸಾಕುವವರಲ್ಲಿ ಒಂದು ಅಭ್ಯಾಸ ಇದೆ. ಗೆದ್ದ ಕುದುರೆಯ ಫೋಟೋ ಊರಿಗೆಲ್ಲ ತೋರಿಸುತ್ತೇವೆ. ಸತ್ತ ಕುದುರೆಯನ್ನು ರಾತ್ರೋರಾತ್ರಿ ಜೆಸಿಬಿ ತರಿಸಿ ಹೂತು ಸುಮ್ಮನಾಗುತ್ತೇವೆ. ಯಾಕೆ ಸತ್ತಿತು ಅಂತ ಯಾರಿಗೂ ಹೇಳುವುದಿಲ್ಲ. ಈ ಅಭ್ಯಾಸ ಬಿಡಬೇಕು ಅಂತ ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಸಮಾಧಾನವಾಗಿ ಓದಿ.

ನಮ್ಮದು ಕುಣಿಗಲ್‌ನಿಂದ ಮಾಗಡಿಗೆ ಹೋಗುವ ಕಡೆ ಸಣ್ಣ ಜಾಗ. ಒಂಬತ್ತು ಕುದುರೆ. ನಾಲ್ಕು ರೇಸ್ ಮುಗಿಸಿ ಬಂದವು, ಎರಡು ಮಾರ್ವಾರಿ ತಳಿಯವು, ಉಳಿದ ಮೂರು ಮಕ್ಕಳಿಗೆ ಸವಾರಿ ಕಲಿಸುವ ತಟ್ಟುಗಳು. 2023ರಲ್ಲಿ ಮಳೆ ಕೈಕೊಟ್ಟಿದ್ದು ನೆನಪಿದೆ ಅಲ್ವಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಒಣಹುಲ್ಲಿನ ರೇಟು ಕೇಳಿದರೆ ಎದೆ ಝಲ್ ಅನ್ನುತ್ತಿತ್ತು. ಬೋರ್‌ವೆಲ್‌ನಲ್ಲಿ ಉಳಿದಿದ್ದ ನೀರಿಗೆ ಸೀಮೆಹುಲ್ಲು ಹಾಕಿದೆವು. ಅಕ್ಕಪಕ್ಕದ ಹಸು ಸಾಕುವವರೆಲ್ಲ ಅದನ್ನೇ ಹಾಕಿದ್ದರು, ಬೇಗ ಬೆಳೆಯುತ್ತೆ, ಕೊಯ್ದಷ್ಟೂ ಚಿಗುರುತ್ತೆ. ಹೊಟ್ಟೆ ತುಂಬಲಿ ಅಂತ ಸಂಜೆಗೆ ಒಂದು ಬಕೆಟ್ ಗೋಧಿ ಬೂಸಾ ಕಲಸಿ ಇಡುತ್ತಿದ್ದೆವು. ಕುದುರೆಗಳು ಚೆನ್ನಾಗಿಯೇ ತಿನ್ನುತ್ತಿದ್ದವು. ಬರ ದಾಟಿದೆವು ಅಂದುಕೊಂಡೆವು.

ಮುಂದಿನ ವರ್ಷ ನಮ್ಮ ಕೆಂಪಿ ಕುಂಟಲು ಶುರು ಮಾಡಿದಳು. ಇವತ್ತು ಮುಂದಿನ ಎಡಗಾಲು, ನಾಲ್ಕು ದಿನ ಬಿಟ್ಟು ಹಿಂದಿನ ಬಲಗಾಲು. ಗೊರಸು ನೋಡಿಸಿದೆವು, ಲಾಳ ಬದಲಾಯಿಸಿದೆವು, ನೋವಿನ ಇಂಜೆಕ್ಷನ್ ಹಾಕಿಸಿದೆವು. ಆಮೇಲೆ ಹುಲ್ಲನ್ನು ಅಗಿದು ಉಂಡೆ ಮಾಡಿ ಉಗುಳುವುದಕ್ಕೆ ಶುರು ಮಾಡಿದಳು. ಹಲ್ಲಿನ ತೊಂದರೆ ಇರಬೇಕು ಅಂದುಕೊಂಡೆ. ಒಂದು ದಿನ ಲಾಳ ಕಟ್ಟುವ ಚಾಚಾ ಬಂದವರು ಕಾಲು ಮುಟ್ಟಲೇ ಇಲ್ಲ. ಅವಳ ಮುಖದ ಎರಡೂ ಕಡೆ, ಕಣ್ಣಿನ ಕೆಳಗೆ, ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತುತ್ತಾ ಬಂದರು. ನನ್ನ ಕೈ ಹಿಡಿದು ಅಲ್ಲೇ ಇಡಿಸಿದರು. ಮೂಳೆ ಎರಡೂ ಕಡೆ ಒಂದೇ ಸಮ ಉಬ್ಬಿತ್ತು. ದಿನಾ ಮುಖ ಸವರುತ್ತಿದ್ದ ನನಗೇ ಗೊತ್ತಾಗಿರಲಿಲ್ಲ.

"ಹಲ್ಲಲ್ಲ ಅಮ್ಮಾ ಇದು. ಬೂಸಾ ಎಷ್ಟು ಹಾಕ್ತೀರಿ?" ಅಂದರು.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಸೀಮೆಹುಲ್ಲಿನಲ್ಲಿ ಆಕ್ಸಲೇಟ್ ಅನ್ನುವ ಅಂಶ ಇರುತ್ತೆ. ಅದು ಮೇವಿನಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತೆ, ಮೈಗೆ ಹತ್ತಲು ಬಿಡುವುದಿಲ್ಲ. ಹಸುವಿಗೆ ಅಷ್ಟು ತೊಂದರೆ ಆಗುವುದಿಲ್ಲ, ಯಾಕೆಂದರೆ ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದುಹಾಕುತ್ತವೆ. ಕುದುರೆಗೆ ಅಂಥ ಹೊಟ್ಟೆ ಇಲ್ಲ. ಅದರ ಮೇಲೆ ಬೂಸಾ. ಅದರಲ್ಲಿ ಕ್ಯಾಲ್ಸಿಯಂಗಿಂತ ಹತ್ತು ಪಟ್ಟಿನಷ್ಟು ರಂಜಕ ಇರುತ್ತೆ, ಇದೂ ಕ್ಯಾಲ್ಸಿಯಂಗೆ ಅಡ್ಡ. ಕೊನೆಗೆ ಮೈ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತೆ. ಮುಖದ ಮೂಳೆ ಮೆತ್ತಗಾಗಿ, ಅಲ್ಲಿ ನಾರು ತುಂಬಿ ಉಬ್ಬುತ್ತೆ. ಹಿಂದೆ ಹಿಟ್ಟಿನ ಗಿರಣಿಗಳವರು ಬೂಸಾ ಹಾಕಿಯೇ ಸಾಕಿದ ಕುದುರೆಗಳಿಗೆ ಇದು ಬರುತ್ತಿತ್ತಂತೆ. ಅಂದರೆ ಇದು ಜಗತ್ತಿಗೆ ಗೊತ್ತಿರುವ ಹಳೇ ಕಾಯಿಲೆ, ಗೊತ್ತಿಲ್ಲದಿದ್ದವರು ನಾವು.

ಬೂಸಾ ನಿಲ್ಲಿಸಿದೆವು. ಸೀಮೆಹುಲ್ಲು ಕಡಿಮೆ ಮಾಡಿ, ಡಾಕ್ಟರು ಹೇಳಿದಷ್ಟು ಕ್ಯಾಲ್ಸಿಯಂ ಪುಡಿ ಸೇರಿಸಿ, ಅರ್ಧ ಎಕರೆಗೆ ಕುದುರೆ ಮಸಾಲೆ ಸೊಪ್ಪು ಹಾಕಿದೆವು. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಹೆಸರಿನಲ್ಲೇ ಕುದುರೆ ಇರುವ ಸೊಪ್ಪು ಅದು! ಹಿಂದಿನವರು ಏನು ಗೊತ್ತಿದ್ದು ಹಾಗೆ ಕರೆದರೋ, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿತ್ತು.

ನನಗೆ ತುಂಬಾ ನೋವು ಕೊಟ್ಟಿದ್ದು ಇನ್ನೊಂದು ವಿಷಯ. ಚಾಚಾಗೆ ಇದು ಹೇಗೆ ಗೊತ್ತು ಅಂತ ಕೇಳಿದೆ. ನಮ್ಮಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಇನ್ನೊಂದು ಜಾಗದಲ್ಲಿ ಐದು ವರ್ಷದ ಹಿಂದೆ ಇದೇ ಆಗಿತ್ತಂತೆ. ಇದೇ ಹುಲ್ಲು, ಇದೇ ಬೂಸಾ. ಎರಡು ಕುದುರೆ ಹೋಗಿದ್ದವು. ಅವರು ನನಗೆ ಪರಿಚಯದವರೇ, ಮದುವೆ ಮುಂಜಿಗಳಲ್ಲಿ ಸಿಗುತ್ತಾರೆ. ಹೋಗಿ ಕೇಳಿದೆ, "ಯಾಕಣ್ಣ, ಒಂದು ಮಾತು ಹೇಳಬಾರದಿತ್ತಾ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೇಳಿದ್ರೆ ಆಮೇಲೆ ಯಾರಮ್ಮ ನಮ್ಮ ಹತ್ರ ಕುದುರೆ ತಗೊಳ್ತಾರೆ?" ಅಂದರು.

ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಅವರ ಹೊಟ್ಟೆಪಾಡು ಅದು. ಒಂದು ಗಾಳಿಸುದ್ದಿ ಹಬ್ಬಿದರೆ ಸಾಕು, ಸವಾರಿ ಕಲಿಯುವ ಮಕ್ಕಳ ತಂದೆ ತಾಯಿ ಮರುದಿನವೇ ಬರುವುದು ನಿಲ್ಲಿಸುತ್ತಾರೆ. ಆದರೂ ಮುಚ್ಚಿಟ್ಟಿದ್ದರಿಂದ ಅವರಿಗೂ ಏನೂ ಉಳಿಯಲಿಲ್ಲ, ನಮಗೂ ಉಳಿಯಲಿಲ್ಲ.

ಮೇವಿನ ವಿಷಯಕ್ಕೇ ಹೀಗಾದರೆ ಅಂಟುರೋಗ ಬಂದಾಗ ಏನಾಗಬಹುದು ಯೋಚಿಸಿ. ಗ್ಲಾಂಡರ್ಸ್ ಅಂದರೆ ನಮ್ಮಲ್ಲಿ ಎಲ್ಲರಿಗೂ ನಡುಕ. ಮನುಷ್ಯರಿಗೂ ಬರುವ ರೋಗ. ಖಚಿತವಾದರೆ ಆ ಕುದುರೆಯನ್ನು ಕೊನೆಗಾಣಿಸಲೇಬೇಕು, ಸುತ್ತ 2 ಕಿಲೋಮೀಟರ್‌ನಲ್ಲಿರುವ ಕುದುರೆ, ಕತ್ತೆ, ಹೇಸರಗತ್ತೆಗಳ ರಕ್ತ ಪರೀಕ್ಷೆ ಆಗಬೇಕು, ಓಡಾಟ ಬಂದ್. ಆ ಭಯಕ್ಕೇ ಮೂಗಿನಲ್ಲಿ ಸಿಂಬಳ ಸುರಿಯುವ ಕುದುರೆಯನ್ನು ಹಿಂದಿನ ಲಾಯದಲ್ಲಿ ಕಟ್ಟಿ, ಸಿಕ್ಕ ಆಂಟಿಬಯೋಟಿಕ್ ಕೊಟ್ಟು, ನೆಗಡಿ ಅನ್ನುವವರಿದ್ದಾರೆ. ಅದೇ ಕುದುರೆ ವಾರ ಬಿಟ್ಟು ಮದುವೆ ಮೆರವಣಿಗೆಗೆ ಹೋಗುತ್ತೆ, ಅದರ ಮೇಲೆ ಮದುಮಗ ಕೂರುತ್ತಾನೆ, ಪಕ್ಕದಲ್ಲಿ ಮಕ್ಕಳು ಕುಣಿಯುತ್ತಿರುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ.

ಆಸ್ಟ್ರೇಲಿಯಾದ ಕಥೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. 2007ರ ಆಗಸ್ಟ್ ತನಕ ಆ ದೇಶದಲ್ಲಿ ಕುದುರೆ ಫ್ಲೂ ಇರಲೇ ಇಲ್ಲ. ಹೊರಗಿನಿಂದ ತಂದ ಕುದುರೆಗಳ ಜೊತೆ ವೈರಸ್ ಬಂತು, ಸಿಡ್ನಿ ಹತ್ತಿರದ ಕ್ವಾರಂಟೈನ್ ಕೇಂದ್ರದಿಂದ ಹೇಗೋ ಹೊರಗೆ ದಾಟಿತು. ಸೆಂಟೆನಿಯಲ್ ಪಾರ್ಕಿನ ಸವಾರಿ ಕುದುರೆಗಳಲ್ಲಿ ಅದು ಪತ್ತೆಯಾಗುವ ಹೊತ್ತಿಗೆ ಮೇಟ್ಲೆಂಡ್‌ನಲ್ಲಿ ಒಂದು ಸ್ಪರ್ಧೆ ಮುಗಿದು, ಅಲ್ಲಿಗೆ ಬಂದಿದ್ದ ಕುದುರೆಗಳು ದಿಕ್ಕಿಗೊಂದರಂತೆ ಮನೆ ಸೇರಿ ಆಗಿತ್ತು. ಸುಮಾರು ಹತ್ತು ಸಾವಿರ ಜಾಗಗಳಿಗೆ ಹರಡಿತು. ಆದರೂ ಡಿಸೆಂಬರ್ ಕೊನೆಗೆ ನಿಂತೇಹೋಯಿತು, ನಾಲ್ಕೇ ತಿಂಗಳಲ್ಲಿ! ಓಡಾಟ ನಿಲ್ಲಿಸಿದ್ದು, ಲಸಿಕೆ ಹಾಕಿದ್ದು ಎರಡೂ ನಿಜ. ಆದರೆ ತನ್ನ ಮನೆ ಹಿಂದೆ ಎರಡೇ ಕುದುರೆ ಕಟ್ಟಿಕೊಂಡವನೂ ಫೋನ್ ಮಾಡಿ "ನಮ್ಮದು ಕೆಮ್ಮುತ್ತಿದೆ" ಅಂತ ಹೇಳದೇ ಹೋಗಿದ್ದರೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಲಸಿಕೆ ಹಾಕಬೇಕು ಅಂತ ಯಾರಿಗೆ ತಿಳಿಯುತ್ತಿತ್ತು?

ಥಾಯ್ಲೆಂಡ್‌ನಲ್ಲಿ 2020ರಲ್ಲಿ ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ಬಂದು ಐನೂರಕ್ಕೂ ಜಾಸ್ತಿ ಕುದುರೆಗಳು ಸತ್ತವು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೊಣ ಕಚ್ಚಿ ಹರಡುವ ರೋಗ. ಲಸಿಕೆಯ ಜೊತೆಗೆ ಅಲ್ಲಿಯವರು ಇಡೀ ಲಾಯಕ್ಕೆ ಸೊಳ್ಳೆಪರದೆ ಹೊದಿಸಿದರು. ನಮ್ಮಲ್ಲೂ 1960ರ ಸುಮಾರಿಗೆ ಅದೇ ರೋಗ ಬಂದಿತ್ತು. ಆ ಕಾಲದಲ್ಲಿ ಲಾಯದಲ್ಲಿದ್ದವರಿಂದ ಯಾರಾದರೂ ಏನಾದರೂ ಕೇಳಿ ಬರೆದಿಟ್ಟಿದ್ದಾರಾ?

ನಮ್ಮ ಕಡೆ ಅಂಥ ತಿಳಿವಳಿಕೆಗೆ ಕೊರತೆ ಇರಬಾರದಿತ್ತು. ಟಿಪ್ಪು ಕಾಲದಿಂದ ಕುದುರೆ ಬೆಳೆಸಿದ ಊರು ಕುಣಿಗಲ್. ತಾತ, ಅಪ್ಪ, ಮಗ ಅಂತ ಕುದುರೆ ಕೆಲಸವನ್ನೇ ಮಾಡಿಕೊಂಡು ಬಂದ ಮನೆಗಳಿವೆ. ಹೆಣ್ಣು ಕುದುರೆ ಇವತ್ತು ರಾತ್ರಿ ಮರಿ ಹಾಕುತ್ತೋ ನಾಳೆಯೋ ಅಂತ ಕೆಚ್ಚಲ ತುದಿಯಲ್ಲಿ ಕಟ್ಟಿದ ಮೇಣ ನೋಡಿ ಹೇಳುವ ಸಯೀಸರನ್ನು, ಅಂದರೆ ಕುದುರೆ ನೋಡಿಕೊಳ್ಳುವ ಕೆಲಸದವರನ್ನು, ನಾನು ನೋಡಿದ್ದೇನೆ. ಅವರ ಮಕ್ಕಳು ಈಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾರೆ. ತಪ್ಪು ಅವರದ್ದಲ್ಲ, ಕುದುರೆಗಳೇ ಕಡಿಮೆಯಾಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಕುದುರೆ, ತಟ್ಟುಗಳಿದ್ದವು. 2019ರಲ್ಲಿ ಉಳಿದಿದ್ದು ಮೂರೂವರೆ ಲಕ್ಷದ ಒಳಗೆ. ಹಸುವಿಗೆ ಹಾಲಿನ ಡೈರಿ ಇದೆ, ಸಂಘ ಇದೆ, ಊರೂರಿಗೆ ಬರುವ ಡಾಕ್ಟರಿದ್ದಾರೆ. ಕುದುರೆ ಸಾಕುವ ಸಣ್ಣವರಿಗೆ ಇರುವುದು ನಾವು ನಾವೇ.

ಹೋದ ವರ್ಷ ಒಬ್ಬ ಸಯೀಸ್ ತಾತ ನನಗೆ ಕಲಿಸಿದ ಒಂದು ಕೆಲಸ ಇಲ್ಲೇ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಪದೇಪದೇ ಹೊಟ್ಟೆನೋವು ಬರುವ ಕುದುರೆ ಇದ್ದರೆ ಅದರ ಲದ್ದಿಯನ್ನು ಮೇಲಿಂದ, ನೆಲ ತಾಗದ ಐದಾರು ಉಂಡೆ ತೆಗೆದುಕೊಳ್ಳಿ. ಉದ್ದನೆಯ ಪ್ಲಾಸ್ಟಿಕ್ ಗ್ಲೌಸಿನೊಳಗೆ ಹಾಕಿ ನೀರು ತುಂಬಿ ಚೆನ್ನಾಗಿ ಕಿವುಚಿ. ಬೆರಳು ಕೆಳಗೆ ಬರುವ ಹಾಗೆ ಗೂಟಕ್ಕೆ ನೇತುಹಾಕಿ. ಕಾಲು ಗಂಟೆ ಬಿಟ್ಟು ಗ್ಲೌಸಿನ ಬೆರಳ ತುದಿಗಳನ್ನು ಮುಟ್ಟಿ ನೋಡಿ. ನಮ್ಮ ಒಂದು ತಟ್ಟುವಿನ ಲದ್ದಿಯಲ್ಲಿ ಮೂರು ಬೆರಳು ಗಟ್ಟಿಯಾಗಿ ಮರಳು ತುಂಬಿತ್ತು. ನೆಲದ ಮೇಲೆ ಹುಲ್ಲು ಹಾಕುತ್ತಿದ್ದೆವು, ಅದರ ಜೊತೆ ನಮ್ಮ ಕೆಂಪುಮಣ್ಣಿನ ಮರಳೂ ಹೊಟ್ಟೆಗೆ ಹೋಗುತ್ತಿತ್ತು. ಡಾಕ್ಟರು ಬಂದು ನೋಡಿ ಇಸಬ್‌ಗೋಲ್ ಕೊಡಿಸಿದರು. ಈಗ ಹುಲ್ಲು ಗೋದಲಿಯಲ್ಲೇ, ಕೆಳಗೆ ರಬ್ಬರ್ ಮ್ಯಾಟ್.

ಇನ್ನೊಂದು ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಕೋಳಿ ಫೀಡ್ ಉಳಿದಿದೆ ಅಂತ ಕುದುರೆಗೆ ಹಾಕಬೇಡಿ. ಅದರಲ್ಲಿ ಮೊನೆನ್ಸಿನ್ ಅನ್ನುವ ಔಷಧ ಇರಬಹುದು. ಕೋಳಿಗೆ ಏನೂ ಆಗದ ಪ್ರಮಾಣ ಕುದುರೆಯ ಹೃದಯವನ್ನೇ ನಿಲ್ಲಿಸುತ್ತೆ.

ಇಂಥವು ಪ್ರತಿ ಲಾಯದಲ್ಲೂ ಒಂದೊಂದು ಇದ್ದೇ ಇರುತ್ತವೆ. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ತಿಂಗಳಿಗೊಂದು ಭಾನುವಾರ ಯಾರಾದರೂ ಒಬ್ಬರ ಜಾಗದಲ್ಲಿ ಸೇರೋಣ. ಮಾಲೀಕರು ಮಾತ್ರ ಅಲ್ಲ, ಸಯೀಸರು, ಲಾಳ ಕಟ್ಟುವವರು, ಜಟಕಾ ಓಡಿಸುವವರು, ಮದುವೆಗೆ ಕುದುರೆ ಕೊಡುವವರು ಎಲ್ಲ ಬರಲಿ, ಅವರಿಗೆ ಆ ದಿನದ ಕೂಲಿ ತಪ್ಪದ ಹಾಗೆ ಮಾಲೀಕರು ನೋಡಿಕೊಳ್ಳಲಿ. ಪ್ರತಿಯೊಬ್ಬರೂ ಕಳೆದುಕೊಂಡಿದ್ದನ್ನು ಹೇಳಲಿ. ಅಲ್ಲಿ ಕೇಳಿದ್ದನ್ನು ವ್ಯಾಪಾರಕ್ಕೆ ಬಳಸುವುದಿಲ್ಲ ಅಂತ ಎಲ್ಲರೂ ಮಾತು ಕೊಡಬೇಕು. ಬರ ಬಂದರೆ ಹುಲ್ಲನ್ನು ಒಟ್ಟಿಗೆ ಒಂದೇ ಲೋಡ್ ತರಿಸಬಹುದು. ರಾತ್ರಿ ಎರಡು ಗಂಟೆಗೆ ಕುದುರೆ ಹೊಟ್ಟೆನೋವಿನಿಂದ ಹೊರಳಾಡುವಾಗ ಯಾರ ಹತ್ತಿರ ಗಾಡಿ ಇದೆ ಅಂತ ಹುಡುಕಬೇಕಾಗಿಲ್ಲ.

ಆ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಅಣ್ಣನಿಗೂ ಮೊನ್ನೆ ಫೋನ್ ಮಾಡಿದ್ದೆ. ಬರುತ್ತೇನೆ ಅಂದಿದ್ದಾರೆ. ಮೊದಲ ಸಲ ನಮ್ಮ ಮನೆಯಲ್ಲೇ. ಕೆಂಪಿಯ ಮುಖದ ಉಬ್ಬು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೆ ಈಗ ಕುಂಟುವುದಿಲ್ಲ. ಬಂದವರೆಲ್ಲ ಅವಳ ಕಣ್ಣಿನ ಕೆಳಗೆ ಒಂದು ಸಲ ಹೆಬ್ಬೆರಳಿಟ್ಟು ನೋಡಿ, ಹಾಗೇ ನಿಮ್ಮ ನಿಮ್ಮ ಲಾಯದಲ್ಲೂ ಹೋಗಿ ಮುಟ್ಟಿ ನೋಡಿ.